ಸಣ್ಣಿಗೆ ಹುರುಳಿ ಕಟ್ಟು ಕುಡಿಸಹೊರಟದ್ದು

ನಮ್ಮ ಬೆಕ್ಕಿನ ಹೆಸರು ಸಣ್ಣಿ. ಮರಿಯಾಗಿದ್ದಾಗ ಇಟ್ಟ ಹೆಸರು, ಆಗ ಒಪ್ಪುತ್ತಿತ್ತು. ಈಚೆಗೆ ಅವಳು ಕಿಟಕಿಗೆ ಹಾರಲು ಹೋಗಿ ಅರ್ಧದಲ್ಲೇ ಕೆಳಗೆ ಬೀಳತೊಡಗಿದಾಗ ನನ್ನ ಹೆಂಡತಿ ಸರೋಜಾ ಹಟ ಹಿಡಿದಳು. ಇಬ್ಬರೂ ಸಣ್ಣಿಯನ್ನು ಪಶುವೈದ್ಯರ ಹತ್ತಿರ ಹೊತ್ತುಕೊಂಡು ಹೋದೆವು. ಆರೂವರೆ ಕಿಲೋ ತೂಗಿದಳು.

"ನಾಲ್ಕಿರಬೇಕಿತ್ತು," ಎಂದರು ಡಾಕ್ಟರಮ್ಮ. "ಹೀಗೇ ಬಿಟ್ರೆ ಶುಗರ್ ಬರುತ್ತೆ. ಊಟ ನಿಧಾನಕ್ಕೆ ಕಮ್ಮಿ ಮಾಡಿ, ಒಂದೇ ಸಲಕ್ಕೆ ಬೇಡ. ಬೆಕ್ಕು ಎರಡು ಮೂರು ದಿನ ಏನೂ ತಿನ್ನದೆ ಇದ್ರೆ ಲಿವರ್ ಕೆಟ್ಟು ಜೀವಕ್ಕೇ ಕುತ್ತು ಬರುತ್ತೆ."

ನಾನು ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಗಣಿತ ಹೇಳಿಕೊಡುತ್ತಿರುವವನು. ಎರಡೂವರೆ ಕಿಲೋ ಕಳೆಯುವುದು ನನಗೊಂದು ಲೆಕ್ಕವೇ? ಮನೆಗೆ ಬಂದವನೇ ಗೋಡೆಗೆ ಗ್ರಾಫ್ ಹಾಳೆ ಅಂಟಿಸಿ, ಮೇಲಿಂದ ಕೆಳಕ್ಕೊಂದು ಸೊಗಸಾದ ಗೆರೆ ಎಳೆದೆ. ಸದರಿ ಬೆಕ್ಕಿನ ಆಹಾರವನ್ನು ತಕ್ಷಣದಿಂದ ಜಾರಿಗೆ ಬರುವಂತೆ ಅರ್ಧಕ್ಕಿಳಿಸಿ ಆದೇಶವನ್ನೂ ಹೊರಡಿಸಿದೆ. ಹುರುಳಿ ಕೊಬ್ಬು ಕರಗಿಸುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಹಾಗಾಗಿ ಬಟ್ಟಲಿನ ಉಳಿದರ್ಧಕ್ಕೆ ಹುರುಳಿ ಕಟ್ಟು ಸುರಿದೆ.

ಸಣ್ಣಿ ಮೂಸಿ ನೋಡಿದಳು. ಆಮೇಲೆ ಮುಂಗಾಲಿನಿಂದ ನೆಲ ಕೆರೆದು, ಬಟ್ಟಲಿನ ಮೇಲೆ ಮಣ್ಣು ಮುಚ್ಚುವಂತೆ ಮಾಡಿದಳು. ಬೆಕ್ಕು ಏನನ್ನು ಹಾಗೆ ಮುಚ್ಚುತ್ತದೆಂದು ನಿಮಗೆ ಗೊತ್ತೇ ಇದೆ.

"ಹಸಿವಾದ್ರೆ ತಾನೇ ತಿಂತಾಳೆ ಬಿಡು," ಎಂದೆ.

ತಿನ್ನಲಿಲ್ಲ. ಮಾರನೇ ದಿನ ಹುರುಳಿ ತೆಗೆದು ಹಾಲನ್ನ ಇಟ್ಟೆ, ಮುಟ್ಟಲಿಲ್ಲ. ಮೂರನೇ ದಿನ ಮೀನನ್ನೇ ತಂದಿಟ್ಟೆ. ಮುಖ ತಿರುಗಿಸಿಕೊಂಡು ಹೋದಳು. ಬೆಳಿಗ್ಗೆ ಎಲ್ಲೋ ಹೋಗಿ ಸಂಜೆ ಬಂದು ಮೂಲೆಯಲ್ಲಿ ಬಿದ್ದುಕೊಳ್ಳುತ್ತಿದ್ದಳು. ಬಾಯಿ ಮೂಸಿದರೆ ರೇಷ್ಮೆ ಹುಳುವಿನ ವಾಸನೆ. ಆದರೆ ನಮ್ಮ ಬೀದಿಯ ತುಂಬ ರೇಷ್ಮೆ ಬಿಚ್ಚುವವರೇ. ನಮ್ಮ ಹಾಸಿಗೆಗೂ ನಾನು ತಿದ್ದುವ ಉತ್ತರಪತ್ರಿಕೆಗಳಿಗೂ ಅದೇ ವಾಸನೆ. ಅದನ್ನು ಗಮನಿಸುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿವೆ.

"ಇವಳಿಗೆ ಏನಾದ್ರೂ ಆದ್ರೆ ನಾನು ನಿಮ್ಮ ಮುಖ ನೋಡಲ್ಲ ಕಣ್ರೀ," ಎಂದು ಸರೋಜಾ ಕಣ್ಣೊರೆಸಿಕೊಂಡಳು. ನನ್ನ ಕೈಯಾರೆ ಮನೆಯ ಜೀವವೊಂದನ್ನು ಕೊಂದೆನಲ್ಲ ಎಂದುಕೊಳ್ಳುತ್ತಲೇ ಬುಟ್ಟಿ ಹುಡುಕಿದೆ.

ಬುಟ್ಟಿಯಲ್ಲಿ ಹಾಕಿಕೊಂಡು ಓಡಿದೆವು. ಡಾಕ್ಟರಮ್ಮ ಅವಳ ಕಣ್ಣು, ಒಸಡು ನೋಡಿ ತಕ್ಕಡಿಯ ಮೇಲಿಟ್ಟರು.

"ಮೂರು ದಿನದಿಂದ ಏನೂ ತಿಂದಿಲ್ವಾ?"

"ಒಂದಗುಳೂ ಇಲ್ಲ ಮೇಡಂ."

"ಇನ್ನೂರು ಗ್ರಾಂ ಜಾಸ್ತಿ ಆಗಿದಾಳೆ ಸಾರ್. ಎಲ್ಲೋ ಚೆನ್ನಾಗಿ ತಿಂತಿದಾಳೆ. ಎಲ್ಲಿ ಅಂತ ನೋಡಿ."

ಮರುದಿನ ರಜೆ ಹಾಕಿ ಸಣ್ಣಿಯ ಹಿಂದೆ ಹೋದೆ. ಅವಳು ನೇರ ಪಕ್ಕದ ಮನೆಯ ನೂರ್‌ಜಾನ್ ಆಪಾ ಅವರ ಶೆಡ್ಡಿಗೆ ಹೊಕ್ಕಳು. ಅಲ್ಲಿ ಹೆಂಗಸರು ಗೂಡು ಬೇಯಿಸಿ ನೂಲು ಬಿಚ್ಚುತ್ತಿದ್ದರು. ನೂಲು ಮುಗಿದು ಉಳಿದ ಕೊಬ್ಬಿದ ಹುಳುಗಳನ್ನು ಒಬ್ಬೊಬ್ಬರೂ ಅವಳತ್ತ ಎಸೆಯುತ್ತಿದ್ದರು. ಸಣ್ಣಿ ಮದುವೆಮನೆಯ ಬೀಗರಂತೆ ಕೂತು ಒಂದೊಂದನ್ನೇ ಸ್ವೀಕರಿಸುತ್ತಿದ್ದಳು.

"ಆಪಾ, ಇದು ಎಷ್ಟು ದಿನದಿಂದ?"

"ಆರು ತಿಂಗಳಾಯ್ತು ಮೇಷ್ಟ್ರೇ. ಮೊದ್ಲು ಸ್ವಲ್ಪ ಹಾಕ್ತಿದ್ವಿ. ಮೂರು ದಿನದಿಂದ ಜಾಸ್ತಿ ಹಾಕ್ತಿದೀವಿ. ನೀವು ಅದನ್ನ ಉಪವಾಸ ಕೆಡವಿದೀರಂತಲ್ಲ?"

"ಹುರುಳಿ ನೀರು ಕುಡಿಸ್ತಾರಂತೆ. ಅಯ್ಯೋ, ಪಾಪಂ," ಎಂದಳು ನೂಲು ಬಿಚ್ಚುತ್ತಿದ್ದ ಒಬ್ಬಳು, ನನ್ನನ್ನು ಮೇಲಿಂದ ಕೆಳಗೆ ನೋಡುತ್ತ.

ಬೈಸಿಕೊಂಡು ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ. ಸಣ್ಣಿ ಸಾಯುತ್ತಿಲ್ಲ! ಅಲ್ಲೇ ಇದ್ದ ಖಾಲಿ ಕ್ರೇಟಿನ ಮೇಲೆ ಕೂತು, ಆಪಾ ಕೊಟ್ಟ ಟೀ ಕುಡಿದು, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಅವರಿಗೆ ವಿವರಿಸಿದೆ.

ಈಗ ಶೆಡ್ಡಿನಲ್ಲಿ ದಿನಕ್ಕೆ ಎರಡೇ ಹುಳು. ಮನೆಯಲ್ಲಿ ಸರೋಜಾ ಲೋಟದಲ್ಲಿ ಅಳೆದು ಹಾಕುತ್ತಾಳೆ. ಎರಡು ತಿಂಗಳಲ್ಲಿ ಅರ್ಧ ಕಿಲೋ ಇಳಿದಿದೆ. ಈ ಯೋಜನೆಯಲ್ಲಿ ಹೆಂಗಸರೆಲ್ಲ ಸೇರಿ ನನಗೂ ಒಂದು ಜವಾಬ್ದಾರಿ ವಹಿಸಿದ್ದಾರೆ: ಬೆಕ್ಕಿಗೆ ಊಟ ಹಾಕುವ ಹೊತ್ತಿನಲ್ಲಿ ನಾನು ಮನೆಯಲ್ಲಿರಬಾರದು. ಇದುವರೆಗೆ ಒಂದು ದಿನವೂ ತಪ್ಪಿಸಿಲ್ಲ.