ಮಾತಾಡದ ಮುನಿಲಕ್ಷ್ಮಿ

“ಬೇಡ ಅಂದ್ರೆ ಬೇಡ ನಲ್ಲಪ್ಪನವರೇ, ಅವರೆಕಾಯಿ ವಾಪಸ್ ತಗೊಂಡ್ಹೋಗಿ.”

“ಎಲ್ಲಾದ್ರೂ ಉಂಟಾ ಟೀಚರಮ್ಮ! ನನ್ ಮಗಳನ್ನ ಒಗಳಿ ಚೀಟಿ ಕಳಿಸಿದ್ದೀರಿ. ಬರಿಗೈಲಿ ಬರಕಾಯ್ತದಾ?”

೧೯೭೮ರ ಮಾಗಿ. ಪೀಣ್ಯದ ಕಾರ್ಖಾನೆಗಳ ಹಿಂದಿನ ಊರಿನ ಶಾಲೆ. ಮಕ್ಕಳು ಊಟಕ್ಕೆ ಹೋಗಿದ್ದರು. ಆರನೇ ತರಗತಿಯ ಬಾಗಿಲಲ್ಲಿ ರೈತ ನಲ್ಲಪ್ಪ ಚೀಲ ಹಿಡಿದು ನಿಂತಿದ್ದ. ಹಿಂದೆ ಅವನ ಮಗಳು ಮುನಿಲಕ್ಷ್ಮಿ. ಒಳಗೆ ವಾಸಂತಿ ಟೀಚರ್.

ವಾಸಂತಿ: ನಾನೆಲ್ರೀ ಹೊಗಳ್ದೆ?

ನಲ್ಲಪ್ಪ: ‘ಮುನಿಲಕ್ಷ್ಮಿ ತರಗತಿಯಲ್ಲಿ ಬಾಯಿ ಬಿಡುವುದೇ ಇಲ್ಲ’ ಅಂತ ಬರ್ದಿಲ್ವಾ? ಅಂಗ್ಡಿ ಮುನಿಯಣ್ಣನ ಕೈಲಿ ಎರಡು ಸಲ ಓದಿಸ್ದೆ!

ವಾಸಂತಿ: ಅದು ದೂರು ಕಣ್ರೀ!

ನಲ್ಲಪ್ಪ: ದೂರಾ? ನನ್ನ ಎರಡ್ನೇ ಕ್ಲಾಸಲ್ಲೇ ಸ್ಕೂಲಿಂದ ಓಡಿಸಿದ್ದು ಬಾಯಿ ಜಾಸ್ತಿ ಅಂತ. ಈಗ ಬಾಯಿ ಬಿಡ್ದಿದ್ರೂ ತಪ್ಪಾ? ಮಕ್ಕಳು ಎಂಗಮ್ಮ ಬಾಳಾದು?

ವಾಸಂತಿ: ಹರಟೆ ಹೊಡೀಲಿ ಅಂತಲ್ಲ. ಪಾಠದ ಬಗ್ಗೆ ಮಕ್ಕಳು ಚರ್ಚೆ ಮಾಡ್ಬೇಕು.

ನಲ್ಲಪ್ಪ: ಚರ್ಚೆನಾ? ಪಂಚಾಯ್ತಿಲಿ ಮಾಡ್ತಾರಲ್ಲ, ಅದಾ? ಕೊನೆಗೆ ಕುರ್ಚಿ ಎತ್ಕೊಂತಾರೆ ತಾಯಿ!

ವಾಸಂತಿ: ಇಲ್ಲಿರೋದು ಬರೀ ಬೆಂಚು. ಯಾರ್ ಕೈಲೂ ಎತ್ತಕ್ಕಾಗಲ್ಲ. ಅದಿರ್ಲಿ, ಮನೇಲಿ ಇವಳಿಗೆ ಏನಾದ್ರೂ ಹೇಳಿ ಹೆದರಿಸಿದ್ದೀರಾ?

ನಲ್ಲಪ್ಪನ ದನಿ ತಗ್ಗಿತು.

ನಲ್ಲಪ್ಪ: ‘ಸ್ಕೂಲಲ್ಲಿ ಬಾಯಿ ಬಿಟ್ರೆ ನನ್ನಂಗೇ ದನ ಕಾಯ್ತೀಯ’ ಅಂದಿದ್ದೆ. ಇವಳಾದ್ರೂ ಓದ್ಲಿ ಅಂತ.

ವಾಸಂತಿ ನಗಲಿಲ್ಲ. ನಲ್ಲಪ್ಪ ಮಗಳ ತಲೆ ಸವರಿದ.

ನಲ್ಲಪ್ಪ: ಮಾತಾಡು ಮಗಾ. ನಾನೇ ಏಳ್ತಿವ್ನಿ.

ಮುನಿಲಕ್ಷ್ಮಿ: ನೀನು ಎದರಿಸಿದ್ದಕ್ಕಲ್ಲ ಕಣಪ್ಪ. ಮಿಸ್ಸು ಪ್ರಶ್ನೆ ಕೇಳ್ತಾರೆ. ನಾನು ಯೋಚ್ನೆ ಮಾಡ್ತಾ ಒಂದು, ಎರಡು ಅಂತ ಎಣಿಸೋದ್ರೊಳ್ಗೆ ಅವರೇ ಉತ್ತರ ಏಳ್ಬಿಡ್ತಾರೆ!

ವಾಸಂತಿಯ ಮುಖ ಕೆಂಪಾಯಿತು.

ನಲ್ಲಪ್ಪ: ಅಂಗಾದ್ರೆ ಟೀಚರಮ್ಮ, ಚೀಟಿ ನಿಮ್ ಮನೇಗೇ ಕಳಿಸ್ಬೇಕಾಗಿತ್ತು!

ವಾಸಂತಿ (ನಕ್ಕು): ಒಪ್ಕೊಂಡೆ. ಈಗ ಕೇಳ್ತೀನಿ, ಕೇಳಿ ಕಾಯ್ತೀನಿ. ಮುನಿಲಕ್ಷ್ಮೀ, ಕೆರೆ ತುಂಬಿದ್ರೆ ಪಕ್ಕದ ಬಾವೀಲಿ ನೀರು ಯಾಕೆ ಮೇಲಕ್ಕೆ ಬರತ್ತೆ?

ಹುಡುಗಿ ಸೂರು ನೋಡತೊಡಗಿದಳು. ಐದು ಎಣಿಸುವಷ್ಟು ಹೊತ್ತಾಯಿತು, ಹತ್ತಾಯಿತು. ವಾಸಂತಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಹೇಗೋ ತಡೆದುಕೊಂಡರು. ನಲ್ಲಪ್ಪನಿಗೆ ತಡೆಯಲಾಗಲಿಲ್ಲ.

ನಲ್ಲಪ್ಪ: ಅದು ಏನಪ್ಪಾ ಅಂದ್ರೆ, ನೆಲದೊಳ್ಗೆ...

ಮುನಿಲಕ್ಷ್ಮಿ: ಅಪ್ಪಾ! ಮಿಸ್ಸೇ ಬಾಯಿ ಮುಚ್ಕೊಂಡು ಕಾಯ್ತಾವ್ರೆ. ನಿಂಗೇನು ಅವಸ್ರ?