ಫ್ಯೂಸಣ್ಣನಿಗೆ ಕರೆಂಟು ಹೊಡೆದದ್ದು

ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಕರೆಂಟು ಹೊಡೆಸಿಕೊಳ್ಳದ ಎಲೆಕ್ಟ್ರಿಷಿಯನ್ ಊರಿಗೆಲ್ಲ ತಾನೊಬ್ಬನೇ ಎಂದು ಫ್ಯೂಸಣ್ಣ ಸಿಕ್ಕಸಿಕ್ಕವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದ. ಇನ್ನು ಸಾಯುವ ತನಕವೂ ಹೊಡೆಸಿಕೊಳ್ಳುವುದಿಲ್ಲ ಎಂದು ಎದುರು ಬೀದಿಯ ಟೈಲರಮ್ಮನ ಮುಂದೆ ಶಪಥವನ್ನೇ ಮಾಡಿಬಿಟ್ಟ. ಆಕೆ ಹನ್ನೆರಡು ಹೊಲಿಗೆ ಯಂತ್ರಗಳ ಹೊಸ ಅಂಗಡಿ ಕಟ್ಟಿಸಿದ್ದರು. ವೈರಿಂಗ್ ಕೆಲಸ ಯಾರಿಗೆ ಎಂಬುದನ್ನು ಸೋಮವಾರ ಹೇಳುವವರಿದ್ದರು. ಅದೊಂದು ಸಿಕ್ಕರೆ ಬಲ್ಬು ಬದಲಾಯಿಸುವವನೆಂಬ ಹೆಸರು ಅಳಿಸಿಹೋಗುತ್ತದೆ ಎಂದು ಫ್ಯೂಸಣ್ಣನಿಗೆ ಪ್ರಾಣ ಹೋಗುವಷ್ಟು ಆಸೆ. ಅವನ ನಗು ದವಡೆ ಕಾಣುವಷ್ಟು ಅಗಲ. ಆ ನಗುವಿಗೊಂದು ಕಳೆ ಬರಲೆಂದು ಶನಿವಾರ ಹಲ್ಲಿನ ಡಾಕ್ಟರ ಬಳಿ ಹೋಗಿ ಮೇಲಿನ ದವಡೆ ಹಲ್ಲಿಗೆ ಚಿನ್ನದ ಕ್ಯಾಪ್ ಹಾಕಿಸಿಕೊಂಡು ಬಂದ.

ಭಾನುವಾರ ಮಧ್ಯಾಹ್ನ ಉಪ್ಪು ಸವರಿದ ಟೊಮೆಟೊ ಹೋಳನ್ನು ಚಮಚದಿಂದ ಬಾಯಿಗಿಟ್ಟು ಅಗಿದನೋ ಇಲ್ಲವೋ, ಕಿವಿಯವರೆಗೂ ಚುರುಕ್ ಎಂದಿತು. ಕರೆಂಟು! ಅದೂ ಅವನದೇ ಮನೆಯಲ್ಲಿ, ಅವನೇ ಮಾಡಿದ ವೈರಿಂಗಿನಲ್ಲಿ!

ಚಮಚ ಉಕ್ಕಿನದು, ಮೇಜು ಕಬ್ಬಿಣದ್ದು, ಮೇಜಿನ ಕಾಲು ಫ್ರಿಜ್ಜಿಗೆ ತಾಗಿದೆ. ಕಳ್ಳ ಸಿಕ್ಕಿಬಿದ್ದ ಎಂದುಕೊಂಡು ಫ್ರಿಜ್ಜಿನ ಪ್ಲಗ್ ಕಿತ್ತು ಮತ್ತೆ ಅಗಿದ. ಚುರುಕ್. ಮರದ ಚಮಚ ಹಿಡಿದ, ಚುರುಕ್. ರಬ್ಬರ್ ಚಪ್ಪಲಿ ಮೆಟ್ಟಿ, ಸ್ಟೂಲಿನ ಮೇಲೆ ನಿಂತು ತಿಂದ, ಆಗಲೂ ಚುರುಕ್. ಕಡೆಗೆ ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸನ್ನು ಕಿತ್ತು ಜೇಬಿಗಿಟ್ಟುಕೊಂಡು ಅಗಿದರೂ ಬಿಡಲಿಲ್ಲ. ಇಡೀ ಮನೆಗೆ ಕರೆಂಟಿಲ್ಲ, ಯಜಮಾನನಿಗೆ ಮಾತ್ರ ಇದೆ. ಸ್ಕ್ರೂಡ್ರೈವರ್ ಹಿಡಿದು ಒಂದೊಂದೇ ಬೋರ್ಡು ಬಿಚ್ಚತೊಡಗಿದ.

ಮೂರು ಗಂಟೆಯ ಹೊತ್ತಿಗೆ ಹನ್ನೊಂದು ಸ್ವಿಚ್‌ಬೋರ್ಡುಗಳು ಹೊಟ್ಟೆ ಬಿಚ್ಚಿಕೊಂಡು ನೇತಾಡುತ್ತಿದ್ದವು. ಫ್ರಿಜ್ಜಿನ ಐಸ್ ಕರಗಿ ಅಡುಗೆಮನೆಯ ತುಂಬ ನೀರು ಹರಿದಿತ್ತು. ಸರಿಯಾಗಿ ಆಗಲೇ ಅವನ ಪ್ಯಾಂಟು ಹೊಲಿದು ತಂದ ಟೈಲರಮ್ಮ ಬಾಗಿಲಲ್ಲಿ ನಿಂತರು. ಸುಳ್ಳು ಹೇಳುವಷ್ಟು ಬುದ್ಧಿಯೂ ಉಳಿದಿರಲಿಲ್ಲವಾಗಿ ಫ್ಯೂಸಣ್ಣ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ.

"ನಿಮ್ಮ ಮನೇಲೇ ನಿಮಗೆ ಹೊಡೆದ್ರೆ, ನನ್ನ ಅಂಗಡೀಲಿ ಹೊಲಿಯೋ ಹುಡುಗಿಯರ ಗತಿ ಏನು?" ಎಂದರು ಟೈಲರಮ್ಮ. ಫ್ಯೂಸಣ್ಣನಿಗೆ ಅಳುವೇ ಬಂತು.

ಹೆಂಡತಿ ಒದ್ದೆ ಬಟ್ಟೆ ಹಿಂಡುತ್ತ ಅಡುಗೆಮನೆಯಿಂದ ಬಂದಳು. ಆಕೆ ಕಾಲೇಜಿನ ಲ್ಯಾಬಿನಲ್ಲಿ ಸಹಾಯಕಿ. ಹಲ್ಲಿಗೆ ಹಲ್ಲು ತಾಗಿದಾಗ ಮಾತ್ರ ಹೊಡೆಯುತ್ತದೆಯೇ ಎಂದು ಕೇಳಿ, ಹೌದೆಂದ ಮೇಲೆ ಗಂಡನ ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದಳು. ಮೇಲೆ ಹೊಸ ಚಿನ್ನ. ಅದರ ನೇರ ಕೆಳಗೆ, ಯಾವ ಕಾಲದಲ್ಲೋ ಹುಳುಕು ಹಲ್ಲಿಗೆ ತುಂಬಿಸಿದ್ದ ಬೆಳ್ಳಿ.

"ರೀ, ಎರಡು ಬೇರೆ ಬೇರೆ ಲೋಹ, ನಡುವೆ ಉಪ್ಪು ನೀರು. ಇದಕ್ಕೆ ನಮ್ಮ ಲ್ಯಾಬಲ್ಲಿ ಬ್ಯಾಟರಿ ಅಂತಾರೆ."

"ಎಂಜಲಲ್ಲಿ ವೈರ್ ಎಲ್ಲಿದೆ?"

ವೈರು ಬೇಕಿಲ್ಲ ಎಂದು ಆಕೆ ಬಿಡಿಸಿ ಹೇಳಿದಳು. ಲೋಹದೊಳಗೆ ಓಡುವುದು ಎಲೆಕ್ಟ್ರಾನು. ಎಂಜಲಿನಲ್ಲಿ ಕರಗಿದ ಉಪ್ಪು ಒಡೆದು ಅಯಾನುಗಳಾಗಿ, ಅವೇ ವಿದ್ಯುತ್ತನ್ನು ಹೊತ್ತು ಈಜುತ್ತವೆ. ಚಿನ್ನ ಬೆಳ್ಳಿಗೆ ತಾಗಿದೊಡನೆ ಸರ್ಕ್ಯೂಟು ಪೂರ್ತಿಯಾಗುತ್ತದೆ. ಫೋನಿನಲ್ಲಿ ಹಲ್ಲಿನ ಡಾಕ್ಟರೂ ಹೌದೌದೆಂದು, ಹಳೇ ಬೆಳ್ಳಿ ತೆಗೆದು ಬೇರೆ ತುಂಬುತ್ತೇನೆ ಎಂದರು. ಎಲೆಕ್ಟ್ರಾನಿನವರೆಗೆ ಫ್ಯೂಸಣ್ಣನಿಗೆ ಅರ್ಥವಾಗಿತ್ತು. ಈಜು ಶುರುವಾದ ಮೇಲೆ ಅವನು ಮುಳುಗಿಹೋದ.

"ಹಾಗಾದ್ರೆ ನನಗೆ ಅರ್ಥಿಂಗ್ ಎಲ್ಲಿ ಕೊಡೋದು?" ಎಂದು ಕೇಳಿದ.

ಹೆಂಡತಿ ಟಾರ್ಚ್ ಆರಿಸಿದಳು. ಟೈಲರಮ್ಮ ಆಕೆಯ ಕಡೆ ತಿರುಗಿದರು.

"ಅಂದ್ರೆ ಮನೆ ವೈರಿಂಗಲ್ಲಿ ಏನೂ ದೋಷ ಇಲ್ಲ?"

"ಒಂಚೂರೂ ಇಲ್ಲ."

"ದೋಷ ಇರೋದು ಇವರ ಬಾಯಲ್ಲಿ?"

"ಹೌದು."

ಟೈಲರಮ್ಮ ಪ್ಯಾಂಟನ್ನು ಮೇಜಿನ ಮೇಲಿಟ್ಟು ನಿರಾಳವಾಗಿ ಉಸಿರು ಬಿಟ್ಟರು.

"ಅದು ಬೀದಿಗೆಲ್ಲ ಗೊತ್ತಿರೋ ವಿಷಯ. ನಾಳೆಯಿಂದ ಕೆಲಸ ಶುರು ಮಾಡಿ."