ಬೀಗರ ಎಲೆ ಮೇಲೆ ರೂಟ್ ಅಧಿಕಾರ

"ನೋಡೇ ಗಂಗಾ, ಇನ್ಮೇಲೆ ಬಗ್ಗಿ ಬಡಿಸೋದೂ ಇಲ್ಲ, ಸೊಂಟ ನೋವೂ ಇಲ್ಲ!" ಎಂದು ಮರುಳಸಿದ್ದಪ್ಪ ಸ್ವಿಚ್ ಒತ್ತಿದರು.

ನಡುಮನೆಯ ಸೂರಿಗೆ ಕಟ್ಟಿದ್ದ ಹಳಿಯಿಂದ ನಾಲ್ಕು ಕಬ್ಬಿಣದ ತೋಳುಗಳು ಕಿರ್ರೆಂದು ಕೆಳಗಿಳಿದವು. ಒಂದರಲ್ಲಿ ಹೋಳಿಗೆ, ಒಂದರಲ್ಲಿ ತುಪ್ಪ, ಒಂದರಲ್ಲಿ ಮಾವಿನಹಣ್ಣಿನ ಸೀಕರಣೆ. ನಾಲ್ಕನೆಯದು ಉಣ್ಣುವವರ ಹೆಗಲು ಸವರಿ ಕಕ್ಕುಲಾತಿ ತೋರಿಸುವುದಕ್ಕೆ. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ಮನುಷ್ಯ ಕೈಕಟ್ಟಿ ಕೂರುವುದುಂಟೇ? ಯಂತ್ರಕ್ಕೆ ಉಪಚಾರಿ ಎಂದು ಹೆಸರನ್ನೂ ಇಟ್ಟಿದ್ದರು.

ಹೆಂಡತಿ ಗಂಗಾಂಬಿಕೆಗೆ ಮಾತ್ರ ದಿಗಿಲು. ಮಗಳು ದಾಕ್ಷಾಯಿಣಿಯನ್ನು ನೋಡಲು ಬೀಗರು ಇನ್ನೇನು ಬರುವವರಿದ್ದರು. ಹಿಂದಿನ ಸಂಬಂಧ ಕೈತಪ್ಪಿದ್ದೇ ಗಂಡನ ಬೀಸಣಿಗೆ ಯಂತ್ರದ ದೆಸೆಯಿಂದ. ಅದು ಹುಡುಗನ ಸೋದರಮಾವನ ಕೃತಕ ಕೂದಲನ್ನು ಹಾರಿಸಿಕೊಂಡು ಹೋಗಿ ಸಾರಿನಲ್ಲಿ ಬೀಳಿಸಿತ್ತು. ಈ ಸಂಬಂಧವೂ ಮುರಿದರೆ ತವರಿನವರಿಗೆ ಮುಖ ತೋರಿಸುವುದು ಹೇಗೆ?

ಪರೀಕ್ಷೆಗೆಂದು ಎಲೆ ಮುಂದೆ ಕೂತ ಆಕೆ ಹೋಳಿಗೆ ಬೀಳುತ್ತಲೇ "ಸಾಕು" ಎಂದಳು. ತೋಳು ತೆಪ್ಪಗೆ ಹಿಂದೆ ಸರಿಯಿತು.

"ಏನ್ರೀ ಇದು! ಒಂದ್ ಸಲ ಸಾಕು ಅಂದ್ರೆ ಹೋಗೇಬಿಡೋದಾ? ಬೀಗರು ಏನ್ ತಿಳ್ಕೋತಾರೆ? ಬ್ಯಾಡ ಬ್ಯಾಡ ಅಂದ್ರೂ ಹಾಕ್ಬೇಕು. ಅದಕ್ಕೇ ಉಪಚಾರ ಅನ್ನೋದು!"

ಮರುಳಸಿದ್ದಪ್ಪ ಲ್ಯಾಪ್‌ಟಾಪ್ ಕುಟ್ಟಿದರು. "ನಿಮಗೆ ಅನುಮತಿ ಇಲ್ಲ" ಎಂದಿತು ಪರದೆ. ಯಂತ್ರದ ತಲೆಯೊಳಗೆ ಲಿನಕ್ಸ್ ಎಂಬ ತಂತ್ರಾಂಶ ತುಂಬಿಸಿಕೊಟ್ಟವಳು ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ದಾಕ್ಷಾಯಿಣಿಯೇ. ಅದರೊಳಗೆ ಒಬ್ಬೊಬ್ಬರಿಗೂ ಒಂದೊಂದು ಮಿತಿ. ರೂಟ್ ಎನ್ನುವವನೊಬ್ಬನಿಗೆ ಮಾತ್ರ ಯಾವ ಮಿತಿಯೂ ಇಲ್ಲ. ಅವನು ತಾನು ಕೂತ ಕೊಂಬೆಯನ್ನೇ ಕಡಿ ಎಂದರೂ ಯಂತ್ರ ಕಡಿದುಹಾಕುತ್ತದೆ.

ಒಳಗಿನ ಕೋಣೆಯಲ್ಲಿ ಸೀರೆ ಉಡುತ್ತಿದ್ದ ಮಗಳು ಕೂಗಿದಳು: "ಅಪ್ಪಾಜಿ, ರೂಟ್ ಆಗಿ ಕೂರಬ್ಯಾಡ್ರಿ! ಸುಡೊ ಅಂತ ಬರೆದು ಆ ಒಂದು ಕೆಲಸಕ್ಕಷ್ಟೇ ಅಧಿಕಾರ ತಗೊಳ್ರಿ. ಏನು ಬರ್ದಿದೀರಿ ಅಂತ ಓದಿ ಆಮೇಲೆ ಒತ್ರಿ!"

"ನನ್ ಮನ್ಯಾಗೆ ಒಂದೊಂದಕ್ಕೂ ನಾನೇ ಅಪ್ಪಣೆ ಕೇಳ್ಬೇಕೇನು? ಈ ಮನೆ ಯಜಮಾನ ಯಾರು?" ಎಂದವರೇ ರೂಟ್ ಆಗಿ ಒಳಹೊಕ್ಕು, ಇಂಟರ್ನೆಟ್ಟಿನಲ್ಲಿ ಯಾವನೋ ಪುಣ್ಯಾತ್ಮ ಬರೆದಿದ್ದ ಆದೇಶದ ಸಾಲನ್ನು ಎತ್ತಿ ಅಂಟಿಸಿದರು. "ಇನ್ನು ಊಟಕ್ಕೆ ಕೂತವರ ಮಾತಿಗೆ ಬೆಲೆ ಇರುವುದಿಲ್ಲ. ಒಪ್ಪಿಗೆಯೇ?" ಎಂದು ಯಂತ್ರ ಕೇಳಿತು. ಬಾಗಿಲಲ್ಲಿ ಕಾರು ನಿಂತ ಸದ್ದಾಯಿತು. ಓದುವುದಕ್ಕೆ ಪುರುಸೊತ್ತೆಲ್ಲಿ? ಹೂಂ ಎಂದು ಒತ್ತಿಯೇಬಿಟ್ಟರು!

ಬೀಗರು ಚನ್ನವೀರಪ್ಪ, ಅವರ ಹೆಂಡತಿ ಪಾರ್ವತವ್ವ, ಹುಡುಗ ಶಂಭುಲಿಂಗ ಎಲೆ ಮುಂದೆ ಕೂತರು. ಬೀಗರ ಪಕ್ಕ ತಾವೂ ಕೂರುವುದು ಮರ್ಯಾದೆ ಎಂದು ಮರುಳಸಿದ್ದಪ್ಪನವರೂ ಕೂತರು. ಮೂರು ಹೋಳಿಗೆಯವರೆಗೆ ಎಲ್ಲವೂ ಸ್ವರ್ಗ.

"ಉಪಚಾರ ಅಂದ್ರೆ ಹಿಂಗಿರ್ಬೇಕು ನೋಡ್ರಿ!" ಎಂದರು ಚನ್ನವೀರಪ್ಪ. ಗಂಗಾಂಬಿಕೆ ಹಿಗ್ಗಿ ಹೀರೇಕಾಯಿಯಾದಳು.

ನಾಲ್ಕನೆಯದಕ್ಕೆ ಅವರು "ಸಾಕು" ಎಂದರು. ಐದನೆಯದು ಬಿತ್ತು. ಎಲೆಗೆ ಎರಡೂ ಕೈ ಅಡ್ಡ ಹಿಡಿದರು. ಕೈ ಮೇಲೆಯೇ ತುಪ್ಪ ಸುರಿಯಿತು. ಏಳಲು ನೋಡಿದರು, ಕಕ್ಕುಲಾತಿಯ ತೋಳು ಹೆಗಲು ಹಿಡಿದು ಕೂರಿಸಿತು. "ಸಂಕೋಚ ಬೇಡ. ಇನ್ನೊಂದು!" ಎಂದಿತು ಯಂತ್ರ.

"ಏಯ್, ನಿಲ್ಲೋ! ನಾನು ಯಜಮಾನ ಹೇಳ್ತಿದೀನಿ!" ಎಂದು ಮರುಳಸಿದ್ದಪ್ಪ ಅಬ್ಬರಿಸಿದರು.

"ತಾವು ಊಟಕ್ಕೆ ಕೂತಿದ್ದೀರಿ. ಕೂತವರ ಮಾತಿಗೆ ಬೆಲೆ ಇಲ್ಲ," ಎಂದ ಯಂತ್ರ ಅವರನ್ನೂ ಹೆಗಲು ಹಿಡಿದು ಕೂರಿಸಿ, ತೆರೆದ ಬಾಯಿಗೇ ಒಂದು ಹೋಳಿಗೆ ತುರುಕಿ, ಮೇಲೆ ತುಪ್ಪ ಸುರಿಯಿತು.

ಗಂಗಾಂಬಿಕೆ ಓಡಿಹೋಗಿ ಪ್ಲಗ್ ಕಿತ್ತಳು. ಏನೂ ಪ್ರಯೋಜನವಾಗಲಿಲ್ಲ. ಕರೆಂಟು ಹೋದರೂ ಉಪಚಾರ ನಿಲ್ಲಬಾರದೆಂದು ಗಂಡ ಬ್ಯಾಟರಿ ಕೂರಿಸಿದ್ದರು!

ಮೈಯೆಲ್ಲ ತುಪ್ಪವಾದ ಮರುಳಸಿದ್ದಪ್ಪ ಆ ತುಪ್ಪದ ದಯೆಯಿಂದಲೇ ತೋಳಿನಿಂದ ಜಾರಿಕೊಂಡು ಲ್ಯಾಪ್‌ಟಾಪಿಗೆ ಬಿದ್ದರು. ರೂಟ್ ಇನ್ನೂ ಹಾಗೇ ತೆರೆದುಕೊಂಡಿತ್ತು. "ಬೀಗರ ಮಾತು ನಡೀಬೇಕು ಅಂದ್ರೆ ಬೀಗರಿಗೂ ಅಧಿಕಾರ ಕೊಟ್ಟರಾಯ್ತು! ತಗೋ, ಎಲ್ಲಾರಿಗೂ ಎಲ್ಲಾ ಅಧಿಕಾರ!"

"ಸಾಕಪ್ಪಾ!" ಎಂದರು ಬೀಗರು. ಯಂತ್ರ ನಿಂತಿತು. ಎಲ್ಲರೂ ಉಸಿರು ಬಿಟ್ಟರು.

ಪಾರ್ವತವ್ವ ಗಂಡನ ಕಡೆ ತಿರುಗಿದಳು. "ಸಕ್ಕರೆ ಕಾಯಿಲೆ ಐತಿ, ಒಂದೇ ತಿನ್ರಿ ಅಂತ ಬಡ್ಕಂಡೆ. ಕೇಳಿದ್ರೇನು? ಇನ್ನೂ ತಲೆ ಮೇಲೆ ಸುರುಕೊಳ್ರಿ!"

"ಅಪ್ಪಣೆ," ಎಂದಿತು ಯಂತ್ರ. ಸೀಕರಣೆಯ ಪಾತ್ರೆ ಪೂರ್ತಿ ಬೀಗರ ತಲೆ ಮೇಲೆ ಮಗುಚಿತು.

"ಅಯ್ಯೋ, ಇದರ ಬಾಯಿಗೆ ಮಣ್ಣು ಹಾಕ!" ಎಂದು ಗಂಗಾಂಬಿಕೆ ಕಿರುಚಿದಳು. ಒಂದು ತೋಳು ಅಂಗಳದ ದಾಸವಾಳದ ಕುಂಡದ ಮಣ್ಣಿಗೆ ಕೈ ಹಾಕಿತು. "ಹಾಳಾದ್ದು, ಆ ಹೋಳಿಗೆ ಊರಿಗೇ ಹಂಚಿಬಿಡು ಅತ್ಲಾಗೆ!" ಎಂದರು ಮರುಳಸಿದ್ದಪ್ಪ. ಇನ್ನೊಂದು ತೋಳು ಕಿಟಕಿಯಾಚೆ ಚಾಚಿ, ಸ್ಕೂಟರಿನಲ್ಲಿ ಹೋಗುತ್ತಿದ್ದವನ ಬಾಯಿಗೆ ಹೋಳಿಗೆ ಇಟ್ಟು, ಮುಂದಿನವನಿಗೆ ಕಾಯತೊಡಗಿತು. ಒಬ್ಬರು ನಿಲ್ಲು ಅನ್ನುವುದು, ಇನ್ನೊಬ್ಬರು ಅಯ್ಯೋ ಅನ್ನುವುದು, ಅದು ಮತ್ತೆ ಹೊರಡುವುದು! ಹಲವರು ಯಜಮಾನರಾದ ಮನೆ ಉದ್ಧಾರವಾಗುವುದುಂಟೇ?

"ಯಾರೂ ಮಾತಾಡಬ್ಯಾಡ್ರಿ!" ಎಂದು ದಾಕ್ಷಾಯಿಣಿ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಬಂದಳು. ಮೊದಲು ಅಪ್ಪನನ್ನು ರೂಟ್‌ನಿಂದ ಇಳಿಸಿದಳು. ತನ್ನ ಹೆಸರಿನಲ್ಲಿ ಒಳಹೋಗಿ, ಸುಡೊ ಎಂದು ಒಂದೇ ಸಾಲು ಬರೆದು, ಬೆರಳೆತ್ತಿ ಹಾಗೇ ಕೂತಳು.

"ಒತ್ತೇ ತಾಯಿ, ಒತ್ತು!" ಅಪ್ಪ ಪಿಸುಗುಟ್ಟಿದರು.

"ಓದ್ತಾ ಇದೀನಿ, ಅಪ್ಪಾಜಿ."

ಬೀಗರ ಮೂಗಿನ ತುದಿಯಿಂದ ಸೀಕರಣೆ ತೊಟ್ಟಿಕ್ಕುತ್ತಿತ್ತು. ಆಕೆ ಇನ್ನೊಮ್ಮೆ ಓದಿ ಒತ್ತಿದಳು. ತೋಳುಗಳು ಜೋತುಬಿದ್ದವು. ಗಂಗಾಂಬಿಕೆ ಕಣ್ಣು ಮುಚ್ಚಿದಳು. ಮುಗಿಯಿತು, ಈ ಸಂಬಂಧವೂ ಮುಗಿಯಿತು!

ಚನ್ನವೀರಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡರು. "ಇಂಥಾ ಗದ್ದಲದಾಗೂ ಓದಿ ಒತ್ತೋ ಹುಡುಗಿ! ನಮ್ಮನ್ಯಾಗೆ ಇಂಥೋರು ಒಬ್ರಾದ್ರೂ ಬೇಕು. ಮುಹೂರ್ತ ನೋಡ್ಸೋಣೇನ್ರಿ ಬೀಗ್ರೆ?"

"ನೋಡ್ಸಿಬಿಡ್ರಿ!" ಎಂದರು ಮರುಳಸಿದ್ದಪ್ಪ.

"ಅಪ್ಪಾಜಿ, ಆ ಅಧಿಕಾರ ನಿಮಗಿಲ್ಲ," ಎಂದ ದಾಕ್ಷಾಯಿಣಿ ಶಂಭುಲಿಂಗನತ್ತ ಬೆರಳು ತೋರಿಸಿದಳು. "ಇವರು ಇಷ್ಟೊತ್ತನಕ ಹಾಕಿದ್ದೆಲ್ಲ ತಿಂದ್ರು, ಒಂದ್ ಸಲಾನೂ ಸಾಕು ಅನ್ನಲಿಲ್ಲ. ಯಾಕಂತ ಮೊದಲು ಕೇಳ್ಬೇಕು."

ಹುಡುಗ ಕೆಂಪಗಾಗಿ, ಹೊಟ್ಟೆ ಹಿಡಿದುಕೊಂಡು ಎದ್ದು ಆಕೆಯ ಹಿಂದೆ ಅಂಗಳಕ್ಕೆ ಹೋದ. ಹಿರಿಯರು ಬಾಗಿಲನ್ನೇ ನೋಡುತ್ತ ಕೂತರು. ಗಂಗಾಂಬಿಕೆ ಬಸವಣ್ಣನಿಗೆ ಹರಕೆ ಹೊತ್ತಳು.

ಒಳಗೆ ಬಂದ ದಾಕ್ಷಾಯಿಣಿ ಹೇಳಿದಳು: "ಸಾಕು ಅನ್ನೋಕೆ ಇವರಿಗೆ ಸಂಕೋಚ ಆಯ್ತಂತೆ. ಇಬ್ರಿಗೂ ಒಪ್ಪಿಗೆ. ಒಂದೇ ಷರತ್ತು. ಮದುವೆ ಊಟ ಬಫೆ."

"ಬಫೆನಾ!" ಗಂಗಾಂಬಿಕೆ ಎದೆ ಹಿಡಿದುಕೊಂಡಳು. "ಬೀಗರು ತಟ್ಟೆ ಹಿಡಿದು ಸಾಲಿನಾಗೆ ನಿಲ್ಲೋದೇನೇ? ಯಾರೂ ಬಡಿಸೋಂಗಿಲ್ಲ, ಯಾರೂ ಒತ್ತಾಯ ಮಾಡೋಂಗಿಲ್ಲ?"

ಚನ್ನವೀರಪ್ಪ ಭಾವಿ ಸೊಸೆಗೆ ಎರಡೂ ಕೈ ಎತ್ತಿ ಮುಗಿದರು. ಅವರು ಅಷ್ಟು ಭಕ್ತಿಯಿಂದ ಕೈ ಮುಗಿದದ್ದನ್ನು ಪಾರ್ವತವ್ವ ದೇವಸ್ಥಾನದಲ್ಲೂ ಕಂಡಿರಲಿಲ್ಲವಂತೆ.